ಹತ್ತನೆಯ ತರಗತಿಯ ಮುಂದೆ ದಾರಿ ತೋರುವವರಾರು?

ಬೇಸಗೆ ಬಂದಿತೆಂದರೆ ನಮ್ಮ ನಾಡಿನ ಊರೂರುಗಳಲ್ಲಿ ಒಂದೇ ಮಾತು: ಯಾರ ಹುಡುಗನಿಗೆ ಎಷ್ಟು ಅಂಕಗಳು ಬಂದವು? ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ಮೊದಲಿಗರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ; ಶಾಲೆಯ ಬಾಗಿಲಿಗೆ ಫಲಕಗಳು ಏರುತ್ತವೆ; ಪೇಢೆ ಹಂಚುವದೂ ನಡೆಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ದುಡಿದು ಗೆದ್ದವರನ್ನು ಕೊಂಡಾಡುವದು ಸಮಾಜದ ಧರ್ಮವೇ ಸರಿ. ಆದರೆ ಎರಡು ತಿಂಗಳ ತರುವಾಯ, ಅದೇ ಶಾಲೆಯ ಉಳಿದ ಹುಡುಗ ಹುಡುಗಿಯರು ಎಲ್ಲಿ ಸೇರಿದರು, ಯಾರು ಓದು ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳಿದರೆ ಉತ್ತರ ಕೊಡುವವರು ಸಿಕ್ಕುವದಿಲ್ಲ. ಶಾಲೆಯ ದಪ್ತರದಲ್ಲಿ ಅದರ ದಾಖಲೆಯಿಲ್ಲ. ಊರಿನ ಹಿರಿಯರಿಗೆ ಅದರ ನೆನಪಿಲ್ಲ. ಈ ಮೌನವನ್ನು ಕುರಿತೇ ನಾವು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

2025ನೆಯ ಇಸವಿಯ ಮೊದಲನೆಯ ಪರೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲಿತಾಂಶ ನೂರಕ್ಕೆ 62.34. ದಕ್ಷಿಣ ಕನ್ನಡ ಜಿಲ್ಲೆ ನೂರಕ್ಕೆ 91.12 ಪಡೆದು ಮೊದಲು ನಿಂತಿತು. ಕಲಬುರಗಿ ಜಿಲ್ಲೆ ನೂರಕ್ಕೆ 42.43 ಪಡೆದು ಕೊನೆಗೆ ನಿಂತಿತು. ಪಠ್ಯವೊಂದೇ, ಪ್ರಶ್ನಪತ್ರಿಕೆಯೊಂದೇ, ಸರಕಾರವೊಂದೇ. ಫಲ ಮಾತ್ರ ಒಂದು ಕಡೆ ಇನ್ನೊಂದು ಕಡೆಗಿಂತ ಇಮ್ಮಡಿ. ಮುಂಬಯಿ ಪ್ರಾಂತ, ನಿಜಾಮರ ಸೀಮೆ, ಮದರಾಸು ಪ್ರಾಂತ, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ 1ರಂದು ಒಂದು ರಾಜ್ಯದೊಳಗೆ ಬಂದರು. ನಕಾಶೆಯ ಗೆರೆಗಳು ಅಳಿಸಿದವು. ಆದರೆ ಶಾಲೆಯ ಬಾಗಿಲಲ್ಲಿ ಆ ಹಳೆಯ ಗೆರೆಗಳು ಇನ್ನೂ ಕಾಣುತ್ತಿರುವವಲ್ಲವೇ? ಕಲಬುರಗಿಯ ಹುಡುಗ ಮಂಗಳೂರಿನ ಹುಡುಗನಿಗಿಂತ ಬುದ್ಧಿಯಲ್ಲಿ ಕಡಿಮೆಯೆಂದು ಯಾರೂ ಹೇಳಲಾರರು. ಅವನ ಸುತ್ತಲಿನ ಆಸರೆ ಕಡಿಮೆ, ಅಷ್ಟೇ.

ಹಿಂದಿನ ಕಾಲದ ಕೊರತೆ ಬೇರೆ ಬಗೆಯದಾಗಿತ್ತು. ಆಗ ಉತ್ತರ ಕರ್ನಾಟಕದ ತರುಣನು ಕಾಲೇಜಿನ ಮುಖ ಕಾಣಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆ ಕೊರತೆಯನ್ನು ನೀಗಿಸಲೆಂದೇ 1916ರಲ್ಲಿ ಬೆಳಗಾವಿಯಲ್ಲಿ ಏಳು ಜನರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ವಾರಾನ್ನದ ಮನೆಗಳೂ ಮಠಗಳ ಪ್ರಸಾದನಿಲಯಗಳೂ ಎಷ್ಟೋ ಬಡ ಹುಡುಗರಿಗೆ ಅನ್ನವಿಟ್ಟವು. ಅಂದು ಬಾಗಿಲುಗಳೇ ಇರಲಿಲ್ಲ. ಇದ್ದ ಒಂದೆರಡನ್ನು ಊರಿಗೆ ಊರೇ ಬಲ್ಲದಾಗಿತ್ತು. ಇಂದು ಬಾಗಿಲುಗಳು ಹಲವು. ಆದರೆ ಯಾವ ಬಾಗಿಲು ಎಲ್ಲಿದೆ, ಯಾವಾಗ ತೆರೆಯುತ್ತದೆ, ಒಳಹೋಗಲು ಯಾವ ಕಾಗದ ಬೇಕು ಎಂಬುದು ಬಡವರ ಮಕ್ಕಳಿಗೆ ತಿಳಿಯದು. ವಕೀಲರ ಮನೆಯ ಹುಡುಗನಿಗೆ ಊಟದ ಹೊತ್ತಿನಲ್ಲಿಯೇ ತಿಳಿಯುವ ಸಂಗತಿ ಒಕ್ಕಲುತನದ ಮನೆಯ ಹುಡುಗನಿಗೆ ತಾರೀಖು ಮೀರಿದ ಮೇಲೆ ತಿಳಿಯುತ್ತದೆ. ಇಂದಿನ ನಿಜವಾದ ಭೇದ ಇದು.

ಒಂದೆರಡು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಸರಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗಾಗಿ ಕೇಂದ್ರ ಸರಕಾರದ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆಯುಂಟು. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರದಿದ್ದವರು ಕುಳಿತುಕೊಳ್ಳಬಹುದು. ತೇರ್ಗಡೆಯಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಗಳಂತೆ, ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ ದೊರೆಯುವದು. ಕೂಲಿಯ ಮನೆಗೆ ಇದು ಸಣ್ಣ ಮೊತ್ತವಲ್ಲ. ಹುಡುಗಿಯೊಬ್ಬಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಸಾಕಾಗುವಷ್ಟು ಹಣ. ಆದರೆ ಈ ಪರೀಕ್ಷೆಯ ಹೆಸರನ್ನು ಒಂಬತ್ತನೆಯ ತರಗತಿಗೆ ಬಂದ ಮೇಲೆ ಕೇಳಿದವನಿಗೆ ಅದರಿಂದೇನು ಪ್ರಯೋಜನ? ವರ್ಷವರ್ಷವೂ ಅರ್ಜಿಯನ್ನು ನವೀಕರಿಸದಿದ್ದರೆ ವೇತನ ನಿಲ್ಲುವದೆಂಬುದನ್ನೂ, ಹತ್ತನೆಯ ತರಗತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 60 ಅಂಕ ಬಾರದಿದ್ದರೆ ಮುಂದಿನ ಎರಡು ವರ್ಷದ ಹಣ ತಪ್ಪುವದೆಂಬುದನ್ನೂ ಗೆದ್ದ ಮಕ್ಕಳಿಗೆ ಯಾರಾದರೂ ತಿಳಿಸಿ ಹೇಳಬೇಕಷ್ಟೆ.

ಇನ್ನು ಮೀಸಲಾತಿಯ ಸಂಗತಿ. ವೃತ್ತಿಶಿಕ್ಷಣದ ಪ್ರವೇಶಕ್ಕೆ ನಡೆಯುವ ಸಿ.ಇ.ಟಿ.ಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಕಲಿತವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ನೂರಕ್ಕೆ 5 ಜಾಗಗಳಿವೆ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371ಜೆ ವಿಧಿಯ ಮೇರೆಗೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳ ಮಕ್ಕಳಿಗೆ ಆ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಜಾಗಗಳು ದೊರೆಯುತ್ತವೆ. ಇವೆಲ್ಲ ಹೋರಾಡಿ ಪಡೆದ ಹಕ್ಕುಗಳು. ಆದರೆ ಹಕ್ಕು ಕಾಗದದ ಮೂಲಕವೇ ಕೈಗೆ ಬರತಕ್ಕದ್ದು. ಹಳ್ಳಿಯಲ್ಲಿ ಕಲಿತುದಕ್ಕೆ, ಕನ್ನಡದಲ್ಲಿ ಕಲಿತುದಕ್ಕೆ ಶಾಲೆಯ ಪ್ರಮಾಣಪತ್ರ ಬೇಕು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. 371ಜೆ ಅರ್ಹತಾಪತ್ರಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಬೇಕು. ಜಾತಿ ಆದಾಯಗಳ ಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಇವನ್ನೆಲ್ಲ ಒಂಬತ್ತನೆಯ ತರಗತಿಯಿಂದಲೇ ಒಂದೊಂದಾಗಿ ಕೂಡಿಸಿಟ್ಟವನು ನಿಶ್ಚಿಂತ. ಕೊನೆಯ ವಾರದಲ್ಲಿ ಓಡುವವನು ತಂದೆಯ ನಾಲ್ಕು ದಿನದ ಕೂಲಿಯನ್ನೂ ಕಳೆಯುತ್ತಾನೆ, ಜಾಗವನ್ನೂ ಕಳೆಯುತ್ತಾನೆ.

ಗಡಿಯಾಚೆಯ ನಮ್ಮವರ ಮಾತನ್ನು ಇಲ್ಲಿ ಮರೆಯಬಾರದು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಲ್ಲಿಯೂ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿಯೂ ನೆಲೆಸಿ ಅಲ್ಲಿಯೇ ಕಲಿತ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಕರ್ನಾಟಕದ ಸಿ.ಇ.ಟಿ. ಜಾಗಗಳಿಗೆ ಅರ್ಜಿ ಹಾಕುವ ಅವಕಾಶವನ್ನು ನಿಯಮಗಳಲ್ಲಿಯೇ ಇಡಲಾಗಿದೆ. ಅಲ್ಲಿಯ ಕನ್ನಡ ಶಾಲೆಗಳ ಎಷ್ಟು ಮಕ್ಕಳಿಗೆ ಈ ಮಾತು ಮುಟ್ಟಿದೆ? ಗಡಿನಾಡಿನ ಬಗ್ಗೆ ಸಭೆಗಳಲ್ಲಿ ಕಣ್ಣೀರು ಸುರಿಸುವ ನಾವು, ಆ ಮಕ್ಕಳಿಗೆ ಒಂದು ಹಾಳೆಯ ತಿಳುವಳಿಕೆಪತ್ರವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕಳಿಸಿದರೆ ಹತ್ತು ಠರಾವುಗಳಿಗಿಂತ ಅದು ಹೆಚ್ಚಿನ ಸೇವೆಯಾದೀತು.

ಹತ್ತನೆಯ ತರಗತಿ ಮುಗಿದ ಕೂಡಲೆ ಬುದ್ಧಿವಂತನೆಲ್ಲ ವಿಜ್ಞಾನಕ್ಕೆ, ಉಳಿದವರು ವಾಣಿಜ್ಯಕ್ಕೆ, ಯಾವುದೂ ಸಾಗದವರು ಕಲೆಗೆ ಎಂಬ ಒಂದು ಮೂಢ ಪದ್ಧತಿ ನಮ್ಮಲ್ಲಿ ಬೇರೂರಿದೆ. ಕನ್ನಡ ಮಾಧ್ಯಮದ ಹುಡುಗನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ ಎಲ್ಲ ಪಾಠಗಳನ್ನೂ ಇಂಗ್ಲೀಷಿನಲ್ಲಿ ಕೇಳಿ ಬೆದರುತ್ತಾನೆ. ತಾನು ದಡ್ಡನೆಂದು ತಿಳಿದು ಆರು ತಿಂಗಳೊಳಗೆ ಕೈಬಿಡುತ್ತಾನೆ. ದಡ್ಡತನ ಅವನದಲ್ಲ. ಬೇಸಗೆಯ ಒಂದು ತಿಂಗಳು ಗಣಿತ ವಿಜ್ಞಾನಗಳ ಪಾರಿಭಾಷಿಕ ಶಬ್ದಗಳನ್ನು ಎರಡೂ ಭಾಷೆಗಳಲ್ಲಿ ಕಲಿಸುವ ಮಾಸ್ತರರೊಬ್ಬರು ಅವನಿಗೆ ಸಿಕ್ಕಿದ್ದರೆ ಅವನು ನಿಲ್ಲುತ್ತಿದ್ದನು. ನೀಟ್ ಪರೀಕ್ಷೆಯನ್ನು 2017ರಿಂದ, ಜೆ.ಇ.ಇ. ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ ಎಂಬುದನ್ನು ಕೂಡ ಅವನಿಗೆ ಹೇಳಬೇಕು.

ಕೈಕೆಲಸದಲ್ಲಿ ಒಲವುಳ್ಳವನಿಗೆ ಬೇರೆ ದಾರಿಗಳಿವೆ. ಐ.ಟಿ.ಐ.ಯಲ್ಲಿ ಫಿಟ್ಟರ, ಇಲೆಕ್ಟ್ರೀಶಿಯನ್ ಮುಂತಾದ ಎರಡು ವರ್ಷದ ಕಸಬುಗಳನ್ನು ಕಲಿಯಬಹುದು. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೋಮಾ ಇದೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಮೊದಲಾಗಿ ಈಗ ಹಲವು ಊರುಗಳಿಗೆ ಹಬ್ಬಿರುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಮೂರು ವರ್ಷ ಕೇಂದ್ರದಲ್ಲಿಯೂ ಒಂದು ವರ್ಷ ಕಾರಖಾನೆಯಲ್ಲಿಯೂ ಕಲಿಸುವ ಡಿಪ್ಲೋಮಾ ಉಂಟು. ಕೃಷಿ ವಿಶ್ವವಿದ್ಯಾಲಯಗಳು ಎಸ್.ಎಸ್.ಎಲ್.ಸಿ. ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೋಮಾವನ್ನು ಕನ್ನಡದಲ್ಲಿಯೇ ಕಲಿಸಿವೆ. ಈ ದಾರಿಗಳು ಕುರುಡು ಓಣಿಗಳಲ್ಲ. ಐ.ಟಿ.ಐ. ಮುಗಿಸಿದವನು ಡಿಪ್ಲೋಮಾದ ಎರಡನೆಯ ವರ್ಷಕ್ಕೆ, ಡಿಪ್ಲೋಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗಲು ಬರುತ್ತದೆ. ದುಡಿಯುತ್ತ ಮೇಲೇರುವ ಈ ಮೆಟ್ಟಲುಗಳನ್ನು ಪಾಲಕರಿಗೆ ಬಿಡಿಸಿ ತೋರಿಸಿದರೆ ಕಸಬಿನ ಶಿಕ್ಷಣವನ್ನು ಕೀಳೆಂದು ಕಾಣುವ ಅವರ ಭಾವನೆ ತಾನಾಗಿಯೇ ಸಡಲೀತು.

ನಪಾಸಾದವರ ಗತಿಯೇನು? 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಮೊದಲನೆಯ ಪರೀಕ್ಷೆಯಲ್ಲಿ ಬಿದ್ದವನು ಮತ್ತೆ ಕುಳಿತು ಅದೇ ವರ್ಷ ಮುಂದೆ ಹೋಗಬಹುದು. ಬೆಸುಗೆಯಂಥ ಕೆಲವು ಐ.ಟಿ.ಐ. ಕಸಬುಗಳಿಗೆ ಎಂಟನೆಯ ತರಗತಿ ಪಾಸಾಗಿದ್ದರೂ ಸಾಕು. ಆದರೆ ಫಲಿತಾಂಶದ ದಿನ ನಾಚಿ ಮನೆ ಸೇರಿದ ಹುಡುಗ ಈ ಮಾತು ಕೇಳಲು ಶಾಲೆಗೆ ತಾನಾಗಿ ಬರಲಾರನು. ಅವನ ಮನೆಗೆ ಯಾರಾದರೂ ಹೋಗಬೇಕು. ಹುಡುಗಿಯ ಸಂಗತಿಯಂತೂ ಇನ್ನೂ ಕಠಿಣ. ನಪಾಸೆಂಬ ಒಂದು ನೆಪ ಸಿಕ್ಕರೆ ಸಾಕು, ಹದಿನಾರರ ಹುಡುಗಿಗೆ ವರನನ್ನು ಹುಡುಕತೊಡಗುವ ಮನೆಗಳು ಇಂದಿಗೂ ಇವೆ. 2006ರ ಕಾಯದೆ ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ಅಪರಾಧವೆಂದಿದೆ, ನಿಜ. ಆದರೆ ಕಾಯದೆ ಪೋಲೀಸರೊಡನೆ ಬರುವ ಮೊದಲು ಮಾಸ್ತರರು ಅರ್ಜಿಯೊಡನೆ ಆ ಮನೆಯ ಹೊಸ್ತಿಲಿಗೆ ಬಂದಿದ್ದರೆ ಎಷ್ಟೋ ಮದುವೆಗಳು ನಿಂತು ಎಷ್ಟೋ ಹುಡುಗಿಯರು ಕಾಲೇಜು ಸೇರುವರು.

ಮಾಸ್ತರರ ಮೇಲೆಯೇ ಎಲ್ಲ ಹೊರೆ ಹೊರಿಸುವಿರೇ ಎಂದು ನಮ್ಮ ಶಿಕ್ಷಕ ಬಂಧುಗಳು ಕೇಳಬಹುದು. ಚುನಾವಣೆ, ಗಣತಿ, ಸಮೀಕ್ಷೆ, ಬಿಸಿಯೂಟದ ಲೆಕ್ಕ ಇವೆಲ್ಲ ಅವರ ಹೆಗಲ ಮೇಲಿರುವದು ನಮಗೆ ಗೊತ್ತಿದೆ. ಅದಕ್ಕಾಗಿಯೇ ನಾವು ದೊಡ್ಡ ಯೋಜನೆಗಳನ್ನು ಕೇಳುವದಿಲ್ಲ. ನಾಲ್ಕು ಸಣ್ಣ ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಪ್ರತಿಯೊಂದು ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಮಾರ್ಗದರ್ಶಕರೆಂದು ನೇಮಿಸಿ, ಅವರ ಬೇರೆ ಹೊರೆಗಳಲ್ಲಿ ಒಂದನ್ನು ಇಳಿಸಬೇಕು. ಇದು ಶಿಕ್ಷಣ ಖಾತೆಯ ಕೆಲಸ. ಎರಡನೆಯದು, ವರ್ಷದ ಅರ್ಜಿಗಳ ತಾರೀಖುಗಳನ್ನು ದೊಡ್ಡ ಅಕ್ಷರಗಳಲ್ಲಿ ಶಾಲೆಯ ಗೋಡೆಗೆ ಬರೆಸಬೇಕು. ಮೂರನೆಯದು, ಒಂಬತ್ತನೆಯ ತರಗತಿಯ ಮಕ್ಕಳ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಯವರನ್ನು ಒಂದು ದಿನ ಶಾಲೆಗೇ ಕರೆಯಿಸಬೇಕು. ನಾಲ್ಕನೆಯದು, ಶಾಲೆ ಬಿಟ್ಟ ಪ್ರತಿಯೊಂದು ಮಗು ಎಲ್ಲಿ ಸೇರಿತೆಂಬುದನ್ನು ಬರೆದಿಡುವ ಒಂದು ವಹಿ ಬೇಕು. ಆ ವಹಿಯಲ್ಲಿ ಖಾಲಿ ಉಳಿದ ಹೆಸರುಗಳೇ ಯಾರ ಮನೆಗೆ ಹೋಗಬೇಕೆಂಬುದನ್ನು ಹೇಳುವವು.

ಉಳಿದುದು ಊರಿನವರ ಪಾಲು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಾರಖಾನೆಯಲ್ಲಿ ದುಡಿದು ನಿವೃತ್ತರಾದವರು ಪ್ರತಿಯೊಂದು ಪಟ್ಟಣದಲ್ಲಿದ್ದಾರೆ. ತಿಂಗಳಿಗೊಮ್ಮೆ ಶನಿವಾರ ಒಂದು ತಾಸು ಶಾಲೆಗೆ ಹೋಗಿ ತಮ್ಮ ಉದ್ಯೋಗದ ಪರಿಚಯ ಮಾಡಿಕೊಡುವದು ಅವರಿಗೆ ಭಾರವಾಗದು. ವಾಚನಾಲಯಗಳು ಒಂದು ಮೇಜನ್ನು ಇದಕ್ಕಾಗಿಯೇ ತೆರವು ಮಾಡಿ, ಅರ್ಜಿ ತುಂಬಲು ಬಾರದವರಿಗೆ ನೆರವಾಗಬಹುದು. ಗಣೇಶೋತ್ಸವದ, ರಾಜ್ಯೋತ್ಸವದ ವರ್ಗಣಿಯಲ್ಲಿ ಹತ್ತರಲ್ಲೊಂದು ಪಾಲನ್ನು ಪರೀಕ್ಷೆಯ ಶುಲ್ಕಕ್ಕೂ ಬಸ್ಸಿನ ಖರ್ಚಿಗೂ ತೆಗೆದಿರಿಸಿದರೆ ಉತ್ಸವದ ಕಳೆ ಕುಂದಲಾರದು.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಕಾಯದೆ ಸಾರಿತು. ಹದಿನಾಲ್ಕು ತುಂಬಿದ ಮರುದಿನದಿಂದ ಆ ಕಾಯದೆಯ ಕೈ ಸಡಲುತ್ತದೆ; ನಮ್ಮ ಪ್ರೌಢಶಾಲೆಯ ಮಗು ಸರಿಯಾಗಿ ಅಲ್ಲಿಯೇ ನಿಂತಿದೆ. ಕಾಯದೆ ಕೈಬಿಟ್ಟಲ್ಲಿ ಸಮಾಜ ಕೈಹಿಡಿಯಬೇಕು. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮೊದಲೇ ಪ್ರತಿಯೊಂದು ಊರಿನ ಶಿಕ್ಷಕರೂ ನಾಲ್ಕು ಜನ ಹಿರಿಯರೂ ಕೂಡಿ ಕುಳಿತು, ಈ ವರ್ಷ ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಯಾದಿಯನ್ನು ಮುಂದಿಟ್ಟುಕೊಂಡು ಹೆಸರು ಹೆಸರಾಗಿ ವಿಚಾರಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಬೇಡುತ್ತೇವೆ.