ಇಂಗ್ಲಿಷಿನಲ್ಲಿ ಮುಗಿದುಹೋಗುವ ಮಹಿಳಾ ಸಭೆಗಳು

ಮಹಿಳಾ ನಾಯಕತ್ವದ ಸಮಾವೇಶಕ್ಕೆ, ತರಬೇತಿಗೆ, ಸಮಾಲೋಚನಾ ಸಭೆಗೆ ವರದಿ ಬರೆಯುವವರು ಬೇಕಾಗಿದ್ದಾರೆ ಎಂಬ ಪ್ರಕಟಣೆಗಳು ಬೆಂಗಳೂರಿನ ಸ್ವಯಂಸೇವಾ ವಲಯದಲ್ಲಿ ಆಗಾಗ ಓಡಾಡುತ್ತವೆ. ಅವುಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಇಂಗ್ಲಿಷ್ ಬರವಣಿಗೆಯಲ್ಲಿ ಪಳಗಿರಬೇಕು, ಕನ್ನಡ ಅರ್ಥವಾದರೆ ಸಾಕು. ಎರಡು ದಿನ ಸಭೆಯಲ್ಲಿ ಕೂರಬೇಕು, ವಾರದೊಳಗೆ ವರದಿ ಕೊಡಬೇಕು. ದ್ವಿಭಾಷಾ ಬರಹಗಾರರು ಎಂದು ಕರೆದರೂ ಬೇಕಾಗಿರುವುದು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಡುವ ಒಂದು ಕೈ ಮಾತ್ರ. ಸಭೆಯಲ್ಲಿ ಬಾಯಿಬಿಟ್ಟ ಹೆಂಗಸಿಗೆ ಆ ವರದಿ ಯಾವತ್ತೂ ಸಿಗುವುದಿಲ್ಲ ಎಂಬುದು ನೇಮಕದ ದಿನವೇ ತೀರ್ಮಾನವಾಗಿರುತ್ತದೆ.

ಇದು ಕಚೇರಿಯೊಳಗಿನ ಸಣ್ಣ ವಿಷಯ ಎನ್ನುವವರು ನಗರದ ಈಗಿನ ಸ್ಥಿತಿಯನ್ನು ನೋಡಬೇಕು. 2015ರ ಬಿಬಿಎಂಪಿ ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದವು. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಬಳಿಕ ಐದು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದು ಹೋಳಾಯಿತು. ಶಿವಾಜಿನಗರ, ಹಲಸೂರು ಕೇಂದ್ರ ನಗರ ಪಾಲಿಕೆಗೆ ಸೇರಿದರೆ ಕೆ.ಆರ್.ಪುರ ಪೂರ್ವ ಪಾಲಿಕೆಗೆ ಹೋಯಿತು. ಯಾವ ಎಂಜಿನಿಯರ್ ಯಾವ ಕಚೇರಿಯಲ್ಲಿ ಕೂರುತ್ತಾರೆ ಎಂಬುದೇ ಜನರಿಗೆ ಗೊಂದಲ. ಇಂಥ ಹೊತ್ತಿನಲ್ಲಿ ಬೀದಿಯ ನೀರು, ದೀಪ, ಶೌಚಾಲಯದ ಬಗ್ಗೆ ಹೆಂಗಸರು ಒಟ್ಟಿಗೆ ಕೂತು ಆಡಿದ ಮಾತು ದಾಖಲಾಗುವ ಜಾಗಗಳಲ್ಲಿ ಈ ಸಮಾವೇಶಗಳೂ ಸೇರುತ್ತವೆ. ನಾಳೆ ವಾರ್ಡ್‌ಗೆ ನಿಲ್ಲುವವರು ಇಲ್ಲಿಂದಲೂ ಬರುತ್ತಾರೆ. ಅವರ ಕೈಯಲ್ಲಿ ಏನು ಕಾಗದ ಇರುತ್ತದೆ ಎಂಬ ಪ್ರಶ್ನೆ ಹಾಗಾಗಿ ಸಣ್ಣದಲ್ಲ.

ದಾಖಲೆ ಬರೆಯುವುದು ಈ ಹೆಂಗಸರಿಗೆ ಹೊಸದೇನಲ್ಲ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸ್ವಸಹಾಯ ಸಂಘಗಳು ಪುಸ್ತಕ ಬರೆಯುತ್ತಲೇ ಬಂದಿವೆ. ಸಂಘದ ಯಾವುದೇ ನಡಾವಳಿ ಪುಸ್ತಕ ತೆರೆದು ನೋಡಿ. ಮೇಲೆ ದಿನಾಂಕ, ಸ್ಥಳ, ಅಧ್ಯಕ್ಷತೆ ಯಾರದು. ಕೆಳಗೆ ಹಾಜರಿದ್ದವರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ನಡುವೆ ವಿಷಯ, ಚರ್ಚೆ, ನಿರ್ಣಯ, ಸೂಚಕರು, ಅನುಮೋದಕರು. ಯಾರು ಎಷ್ಟು ಸಾಲ ಕೇಳಿದರು, ಯಾಕೆ ಕೇಳಿದರು, ಯಾರು ಒಪ್ಪಿದರು ಎಲ್ಲವೂ ಅದರಲ್ಲಿದೆ. ಬ್ಯಾಂಕಿನವರು ಸಾಲಕ್ಕೆ ಮುಂಚೆ ನಿರ್ಣಯದ ಪ್ರತಿ ಕೇಳುತ್ತಾರೆ. ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರದಲ್ಲಿ ಬರವಣಿಗೆಗೂ ಒಂದು ಪಾಲಿದೆ. ಅಕ್ಷರ ದುಂಡಗಿರಲಿಕ್ಕಿಲ್ಲ, ಕಾಗುಣಿತ ತಪ್ಪಿರಬಹುದು. ಆದರೂ ಅದು ಕೆಲಸಕ್ಕೆ ಬರುವ ದಾಖಲೆ, ಏಕೆಂದರೆ ಬರೆದಿದ್ದನ್ನು ಓದಿ ಹೇಳಿದ ಮೇಲೆಯೇ ಸಹಿ ಬೀಳುತ್ತದೆ.

ಇದೇ ಹೆಂಗಸರು ಇಂದಿರಾನಗರದ ಹವಾನಿಯಂತ್ರಿತ ಸಭಾಂಗಣಕ್ಕೆ ಬಂದಾಗ ಏನಾಗುತ್ತದೆ? ಬಾಗಿಲಲ್ಲೇ ಹಾಜರಿ ಹಾಳೆ. ಹೆಸರು, ಏರಿಯಾ, ಮೊಬೈಲ್ ನಂಬರು, ಸಹಿ. ಆ ಹಾಳೆ ವರದಿಯ ಅನುಬಂಧವಾಗಿ ದಾನಿಗಳಿಗೆ ತಲುಪುತ್ತದೆ. ವರದಿಯಲ್ಲಿ ಏನಿದೆ ಎಂಬುದು ಸಹಿ ಹಾಕಿದವರಿಗೆ ಗೊತ್ತಿಲ್ಲ. 1987ರಲ್ಲಿ ಶೇ 25ರಷ್ಟು ಮಹಿಳಾ ಮೀಸಲಾತಿಯೊಂದಿಗೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಪಂಚಾಯಿತಿಗೆ ಆಯ್ಕೆಯಾದ ಮಹಿಳೆಯರಿಗೆ ಅಂದಿನಿಂದಲೂ ಹೇಳಿಕೊಡುವ ಪಾಠಗಳಲ್ಲಿ ಒಂದು, ಖಾಲಿ ಪುಟಕ್ಕೆ ಸಹಿ ಹಾಕಬೇಡಿ ಎಂಬುದು. ಆ ಪಾಠ ಹೇಳುವ ವೇದಿಕೆಯಲ್ಲೇ ನಾವು ಅವರಿಂದ ಖಾಲಿ ಪುಟಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದೇವೆ.

ಇನ್ನು ಬರೆದದ್ದಾದರೂ ಏನು? ಹಲಸೂರಿನ ಕೆರೆ ಹಿಂದಿನ ಗಲ್ಲಿಯಿಂದ ಬಂದವರು, ಬೀದಿ ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ರಾತ್ರಿ ಎರಡು ಗಂಟೆಗೆ ನೀರು ಬಿಡುತ್ತಾರೆ, ಬೆಳಿಗ್ಗೆ ಆರಕ್ಕೆ ಮನೆಗೆಲಸಕ್ಕೆ ಓಡಬೇಕು, ನಿದ್ದೆ ಯಾವಾಗ ಮಾಡೋದು ಎಂದು ಕೇಳಿದ್ದಾರೆ ಅಂದುಕೊಳ್ಳಿ. ಈ ಮಾತಿನಲ್ಲಿ ಜಾಗ ಇದೆ, ಹೊತ್ತು ಇದೆ, ಜಲಮಂಡಳಿಯ ವಾಲ್ವ್‌ಮನ್ ಮೇಲೊಂದು ದೂರು ಇದೆ. ಇಂಗ್ಲಿಷ್ ವರದಿಯಲ್ಲಿ ಅದು ‘ನೀರಿನ ಸಮಸ್ಯೆಗಳ ಬಗ್ಗೆ ಭಾಗವಹಿಸಿದವರು ಕಳವಳ ವ್ಯಕ್ತಪಡಿಸಿದರು’ ಎಂಬ ಧಾಟಿಗೆ ತಿರುಗುತ್ತದೆ. ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯದಲ್ಲಿ, ತಿಂಗಳಿಗೆ ಎರಡು ದಿನ ರಜೆ ಕೇಳಿದ್ದಕ್ಕೆ ಒಂದು ಮನೆ ಬಿಟ್ಟುಹೋಯಿತು ಎಂದವರ ಮಾತೂ ಅಷ್ಟೇ, ‘ಕೆಲಸದ ಸ್ಥಿತಿಗತಿ’ ಎಂಬ ಉಪಶೀರ್ಷಿಕೆಯಡಿ ಕರಗಿಹೋಗುತ್ತದೆ. ಬರೆದವರಿಗೆ ಕನ್ನಡ ಬರಲಿಲ್ಲ ಎಂದಲ್ಲ. ಯಾರಿಗೆ ಬರೆಯುತ್ತಿದ್ದೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದಾನಿಗೆ ವಾಲ್ವ್‌ಮನ್ ಬೇಡ, ಎಷ್ಟು ಜನ ಬಂದರು ಎಂಬುದು ಬೇಕು.

ಸಂಸ್ಥೆಗಳ ಕಷ್ಟವನ್ನೂ ಹೇಳಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಯಾವುದು ಆಡಳಿತ ವೆಚ್ಚ ಎಂದು ನಿಯಮಗಳು ಪಟ್ಟಿ ಮಾಡಿವೆ. ಬಾಡಿಗೆ, ವಾಹನ, ವಿದ್ಯುತ್ ಬಿಲ್ಲುಗಳ ಸಾಲಿನಲ್ಲೇ ವರದಿ ಬರೆದು ಸಲ್ಲಿಸುವ ಖರ್ಚೂ ಕೂತಿದೆ. ಎಂದಮೇಲೆ ಮೊದಲ ಕತ್ತರಿ ಬೀಳುವುದು ಎಲ್ಲಿಗೆ? ಕಾಯಂ ದಾಖಲಾತಿ ಸಿಬ್ಬಂದಿ ಇದ್ದ ಕಡೆ ದಿನದ ಲೆಕ್ಕದ ಬರಹಗಾರರು ಬಂದರು. ಒಂದು ಭಾಷೆಯ ವರದಿಗೇ ದುಡ್ಡು ಸಾಲದಿರುವಾಗ ಎರಡನೆಯದು ಎಲ್ಲಿಂದ ಎಂಬುದು ವ್ಯವಸ್ಥಾಪಕರ ಮರುಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದೇ ವರದಿಗೆ ದುಡ್ಡಿದ್ದರೆ ಅದು ಇಂಗ್ಲಿಷಿನದೇ ಆಗಬೇಕೆಂದು ಕಾಯ್ದೆ ಹೇಳಿಲ್ಲ. ಕನ್ನಡದಲ್ಲಿ ಪೂರ್ತಿ ವರದಿ, ದಾನಿಗೆ ನಾಲ್ಕು ಪುಟದ ಇಂಗ್ಲಿಷ್ ಸಾರಾಂಶ ಎಂದು ಒಪ್ಪಂದದ ಹೊತ್ತಿನಲ್ಲೇ ಹೇಳಿ ನೋಡಿದವರು ಎಷ್ಟು ಜನ?

ಶಿವಾಜಿನಗರ, ಹಲಸೂರು, ಕೆ.ಆರ್.ಪುರದಂಥ ಕಡೆ ಇನ್ನೂ ಒಂದು ತೊಡಕಿದೆ. ಮೊದಲೆರಡೂ ಸೇರಿದ್ದ ದಂಡು ಪ್ರದೇಶ (ಕಂಟೋನ್ಮೆಂಟ್) ಬ್ರಿಟಿಷರಿಂದ ಮೈಸೂರಿಗೆ ಮರಳಿದ್ದು 1947ರಲ್ಲಿ, ನಗರದೊಂದಿಗೆ ಸೇರಿ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಕಡತಗಳು ಒಂದಾದರೂ ಬೀದಿಯ ಮಾತು ಒಂದಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಶಿವಾಜಿನಗರದ ಸಭೆಯಲ್ಲಿ ದಖ್ಖನಿ ಉರ್ದು, ಹಲಸೂರಿನಲ್ಲಿ ತಮಿಳು, ಕೆ.ಆರ್.ಪುರದಲ್ಲಿ ಕೋಲಾರದ ಕಡೆಯ ತೆಲುಗು ಬೆರೆತ ಕನ್ನಡ, ಅದರ ಜೊತೆಗೆ ಕಲ್ಯಾಣ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಕನ್ನಡ. ಸಭೆಯಲ್ಲಿ ಜೋರಾಗಿ ಕೇಳಿಸುವುದು ಅಚ್ಚುಕಟ್ಟಾದ ಕನ್ನಡ ಬಲ್ಲ ಮೂರ್ನಾಲ್ಕು ಜನರ ದನಿ. ಉಳಿದವರು ಪಕ್ಕದವರ ಕಿವಿಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ಆದ್ದರಿಂದ ಇಲ್ಲಿ ವರದಿಗೆ ಬರುವವರು ಬರೆಯುವುದು ಎರಡು ಭಾಷೆಯಲ್ಲಾದರೂ ಕೇಳುವುದು ನಾಲ್ಕರಲ್ಲಿ. ಅಂಥವರು ಸಿಗುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಶಿವಾಜಿನಗರದಲ್ಲಿ ಉರ್ದು ಮಾತಾಡಿಕೊಂಡು, ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಇಂಗ್ಲಿಷ್ ಕಲಿತ ಹುಡುಗಿಯರಿದ್ದಾರೆ. ನಮ್ಮ ಪ್ರಕಟಣೆಗಳು ಅವರನ್ನು ಹುಡುಕುವುದಿಲ್ಲ. ಸ್ನಾತಕೋತ್ತರ ಪದವಿ, ಐದು ವರ್ಷದ ಅನುಭವ, ಇಂಗ್ಲಿಷ್ ಬರಹದ ಮಾದರಿ ಎಂಬ ಮೂರು ಗೆರೆಗಳಲ್ಲೇ ಅವರು ಹೊರಗುಳಿಯುತ್ತಾರೆ.

ಧ್ವನಿ ಮುದ್ರಿಸಿ ಯಂತ್ರಕ್ಕೆ ಕೊಟ್ಟರಾಯಿತು ಎಂಬುದು ಈಚಿನ ಸಲಹೆ. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ವೇದಿಕೆ ‘ಭಾಷಿಣಿ’ 2022ರಲ್ಲಿ ಬಂತು, ಖಾಸಗಿ ತಂತ್ರಾಂಶಗಳೂ ಬೇಕಾದಷ್ಟಿವೆ. ಒಬ್ಬರೇ ನಿಧಾನವಾಗಿ ಮಾತಾಡಿದರೆ ಅವು ಚೆನ್ನಾಗಿಯೇ ಬರೆಯುತ್ತವೆ. ಮೂವತ್ತು ಜನರ ಗದ್ದಲದಲ್ಲಿ, ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆತಾಗ ಅವುಗಳ ಮೇಲೆ ಭಾರ ಹಾಕುವ ಧೈರ್ಯ ನನಗಿಲ್ಲ. ಒಂದು ಗಂಟೆಯ ಮುದ್ರಣವನ್ನು ಕೇಳಿ ಬರೆಯಲು ನಾಲ್ಕು ಗಂಟೆ ಬೇಕೆಂಬುದು ಈ ಕಸುಬಿನ ಹಳೆಯ ಲೆಕ್ಕ. ಯಂತ್ರ ಅದನ್ನು ಎರಡಕ್ಕೆ ಇಳಿಸಿದರೆ ಸಂತೋಷ, ಉಳಿದ ಎರಡು ಗಂಟೆಗೆ ಸಂಭಾವನೆ ಕೊಡಿ. (‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಕನ್ನಡ ಪ್ರತಿ, ಇಂಗ್ಲಿಷ್ ಕಚೇರಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುವ ಕಾಟ ಇನ್ನೂ ಪೂರ್ತಿ ತಪ್ಪಿಲ್ಲ. ಯೂನಿಕೋಡ್‌ನಲ್ಲೇ ಕೊಡಿ ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು.)

ಯಂತ್ರಕ್ಕೆ ಬಿಡಲಾಗದ ಇನ್ನೊಂದು ಕೆಲಸ, ಏನನ್ನು ಬರೆಯಬಾರದು ಎಂಬ ವಿವೇಕ. ಊಟದ ನಂತರದ ಗುಂಪು ಚರ್ಚೆಯಲ್ಲಿ ಗಂಡನ ಹೊಡೆತ, ಮೇಸ್ತ್ರಿಯ ಅಸಭ್ಯ ವರ್ತನೆ, ಸೂಪರ್‌ವೈಸರ್ ಕಾಟ ಎಲ್ಲ ಹೊರಬರುತ್ತದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರ 16ನೇ ಸೆಕ್ಷನ್ ದೂರುದಾರಳ ಗುರುತನ್ನೂ ದೂರಿನ ವಿವರವನ್ನೂ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಹೆಸರು, ಏರಿಯಾ, ಫೋಟೊ ಮೂರನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಿ ‘ಯಶೋಗಾಥೆ’ ಎಂದು ಕರೆಯುವವರಿಗೆ ಇದು ನೆನಪಿರಬೇಕು.

ಬರೆದದ್ದನ್ನು ಆಡಿದವರಿಗೇ ತೋರಿಸುವುದು ಹೊಸದೇನಲ್ಲ. ಲೋಕಸಭೆಯಲ್ಲಿ ಭಾಷಣ ಮಾಡಿದ ಸದಸ್ಯರಿಗೆ, ವರದಿಗಾರರು ಬರೆದುಕೊಂಡ ಪ್ರತಿ ತಿದ್ದುಪಡಿಗಾಗಿ ಹೋಗುತ್ತದೆ. ನಮ್ಮ ವಿಧಾನಸಭೆಯ ಸಚಿವಾಲಯವೂ ಕನ್ನಡ, ಇಂಗ್ಲಿಷ್ ಶೀಘ್ರಲಿಪಿ ಬಲ್ಲವರನ್ನು ವರದಿಗಾರರ ಹುದ್ದೆಗೆ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತದೆ. ಶಾಸನ ಸಭೆಯ ಮಾತಿಗೆ ಇಷ್ಟು ಕಾಳಜಿ ಇರುವಾಗ ಕೆ.ಆರ್.ಪುರದ ಅಂಗನವಾಡಿ ಕಾರ್ಯಕರ್ತೆ ತಾನು ಆಡಿದ್ದು ಸರಿಯಾಗಿ ಬಂದಿದೆಯೇ ಎಂದು ನೋಡುವುದು ಅತಿಯಾಸೆಯಲ್ಲ. ಸಂಜೆ ಸಭೆ ಮುಗಿಸುವ ಮುನ್ನ ಅರ್ಧ ಗಂಟೆ ಇಟ್ಟು, ಅಂದಿನ ಕನ್ನಡ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರಾಯಿತು. ನಾನು ಹಾಗೆ ಹೇಳಲಿಲ್ಲ ಎಂದು ಯಾರಾದರೂ ಎದ್ದು ನಿಂತರೆ ಆ ಸಭೆ ನಾಯಕತ್ವ ಕಲಿಸಿದೆ ಎಂದೇ ಅರ್ಥ. ಸಮಾರೋಪದ ಅತಿಥಿ ಭಾಷಣ ಕೈಬಿಟ್ಟರೆ ಅರ್ಧ ಗಂಟೆ ತಾನಾಗಿ ಸಿಗುತ್ತದೆ.

ಕನ್ನಡ ಪ್ರತಿ ಬೇಕು ಎಂಬುದರಲ್ಲಿ ಭಾಷಾಭಿಮಾನಕ್ಕಿಂತ ವ್ಯವಹಾರ ಹೆಚ್ಚಿದೆ. ಕನ್ನಡವನ್ನು ಆಡಳಿತ ಭಾಷೆ ಮಾಡಿದ ರಾಜ್ಯದ ರಾಜಭಾಷಾ ಕಾಯ್ದೆ 1963ರದು. ಸ್ಥಳೀಯ ಸಂಸ್ಥೆಗಳಿಗೂ 1981ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಪಾಲಿಕೆಯ ಕಡತ ಓಡುವುದು ಕನ್ನಡದಲ್ಲಿ. ಸಭೆಯ ನಿರ್ಣಯ ಕನ್ನಡದಲ್ಲಿದ್ದರೆ ಅದನ್ನೇ ಅರ್ಜಿಗೆ ಲಗತ್ತಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬಹುದು. ಉತ್ತರ ಬರದಿದ್ದರೆ ಹಿಂಬರಹ ಕೇಳಬಹುದು. ಬಿಬಿಎಂಪಿ ಕಾಲದ ವಾರ್ಡ್ ಸಮಿತಿಯ ಹತ್ತು ನಾಮನಿರ್ದೇಶಿತರಲ್ಲಿ ಮೂವರು ಮಹಿಳೆಯರಿರಬೇಕಿತ್ತು. ಹೊಸ ಪಾಲಿಕೆಗಳ ವಾರ್ಡ್‌ಗಳಲ್ಲೂ ಮಾತಾಡುವ ಮಹಿಳೆಯರು ಬೇಕೇ ಬೇಕು. ಅವರು ಕೈಯಲ್ಲಿ ಹಿಡಿದು ಹೋಗಬಹುದಾದ ಕಾಗದ ಈ ಕನ್ನಡ ಪ್ರತಿ. ನುಣುಪು ಹಾಳೆಯ ಇಂಗ್ಲಿಷ್ ಪುಸ್ತಿಕೆಯನ್ನು ಯಾವ ಸಹಾಯಕ ಎಂಜಿನಿಯರ್ ಮೇಜಿನ ಮೇಲೆ ಇಟ್ಟರೂ ಅದಕ್ಕೆ ಕಡತದ ಸಂಖ್ಯೆ ಬೀಳುವುದಿಲ್ಲ.

ಮುಂದಿನ ಸಮಾವೇಶಕ್ಕೆ ಅಂದಾಜು ಪಟ್ಟಿ ಹಾಕುವ ಸಂಸ್ಥೆಗಳಲ್ಲಿ ಒಂದು ವಿನಂತಿ. ಫ್ಲೆಕ್ಸ್, ಶಾಲು, ನೆನಪಿನ ಕಾಣಿಕೆಯ ಸಾಲುಗಳಿಗೆ ಮುಂಚೆ ವರದಿ ಬರೆಯುವವರ ಸಂಭಾವನೆಯನ್ನು ಎರಡೂ ಭಾಷೆಗೆ ಸೇರಿಸಿ ನಮೂದಿಸಿ, ಆ ಕೆಲಸಕ್ಕೆ ಸಭೆಗೆ ಬರುವವರ ಬಡಾವಣೆಯವರನ್ನೇ ಮೊದಲು ವಿಚಾರಿಸಿ. ಕನ್ನಡ ಪ್ರತಿ ಸಭೆಗೆ ಬಂದವರ ಕೈ ಸೇರಿದ ಮೇಲಷ್ಟೇ ಇಂಗ್ಲಿಷ್ ಪ್ರತಿ ದಾನಿಗೆ ಹೋಗಲಿ.