ಮುಂಗಡ ಅವನಿಗೆ, ದುಡಿಮೆ ಇವಳದು

ಗಂಡ ಕುಡಿಯುತ್ತಾನೆ, ಮೈತುಂಬ ಸಾಲ. ಇಂಥ ಸಂಸಾರಕ್ಕೆ ಸಹಾಯ ಮಾಡಲು ಹೊರಟವರೆಲ್ಲ ಮೊದಲು ವಿಚಾರಿಸುವುದು ಗಂಡನನ್ನು. ಅವನನ್ನು ಶಿಬಿರಕ್ಕೆ ಸೇರಿಸೋಣ, ದೇವರ ಮುಂದೆ ಆಣೆ ಮಾಡಿಸೋಣ, ಅವನಿಗೊಂದು ಒಳ್ಳೆ ಕೆಲಸ ನೋಡೋಣ. ಹೆಂಡತಿಗೆ? ಅವಳಿಗೆ ಒಂದೇ ಮಾತು: ಸ್ವಲ್ಪ ತಾಳಿಕೋ ತಾಯಿ. ಈ 'ಸ್ವಲ್ಪ' ಎಂದರೆ ಎಷ್ಟು ವರ್ಷ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಮಾಲೂರಿನ ಹೆಂಚು, ಇಟ್ಟಿಗೆ ಯಾರಿಗೆ ಗೊತ್ತಿಲ್ಲ? ಆ ಇಟ್ಟಿಗೆ ಕೊಯ್ಯುವ ಕೈಗಳು ಬಹಳಷ್ಟು ಕಡೆ ಊರಿನವಲ್ಲ. ರಾಯಚೂರು ಕಡೆಯವರು, ಆಂಧ್ರದವರು, ದೂರದ ಒಡಿಶಾದವರು ಗೂಡಿನ ಪಕ್ಕ ತಗಡಿನ ಗುಡಿಸಲು ಹಾಕಿಕೊಂಡು ಮಳೆಗಾಲದವರೆಗೆ ಇರುತ್ತಾರೆ. ಹೊರಡುವ ಮೊದಲೇ ಅವರ ಊರಿಗೆ ಹೋಗಿ ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಯಾರ ಕೈಗೆ? ಗಂಡಸಿನ ಕೈಗೆ. ಆದರೆ ಲೆಕ್ಕ 'ಜೋಡಿ'ಯದು. ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ. ಮಣ್ಣು ತುಳಿಯುವವಳು, ನೀರು ಹೊರುವವಳು, ಹಸಿ ಇಟ್ಟಿಗೆ ಮಗುಚಿ ಒಣಗಿಸುವವಳು ಇವಳು. ಪುಸ್ತಕದಲ್ಲಿ ಹೆಸರು ಅವನದು. ವಾರದ ಖರ್ಚಿಗೆಂದು ಕೊಡುವ ಪುಡಿಗಾಸೂ ಅವನ ಕೈಗೇ. ಅದು ಸಂಜೆಯೊಳಗೆ ಅಂಗಡಿಗೆ ಹೋಗುತ್ತದೆ. ಅಕ್ಕಿಗೆ ಮತ್ತೆ ಮೇಸ್ತ್ರಿಯ ಹತ್ತಿರ ಸಾಲ. ಅವನು ಕುಡಿದ ಪ್ರತಿ ಪೊಟ್ಟಣಕ್ಕೂ ಇವಳು ಇನ್ನಷ್ಟು ಇಟ್ಟಿಗೆ ಕೊಯ್ಯಬೇಕು.

ಒಡಿಶಾದ ಅಂಥ ಒಂದು ಕುಟುಂಬಕ್ಕೆ ನಮ್ಮ ಸಂಘದವರು ಎರಡು ವರ್ಷದಿಂದ ಜೊತೆಯಾಗಿದ್ದೇವೆ. ಕಳೆದ ಸಲ ಗಂಡ ಹೊಸ ರಾಗ ತೆಗೆದ: ನಿನ್ನಪ್ಪನಿಗೆ ಫೋನ್ ಮಾಡು, ದುಡ್ಡು ಕಳಿಸಲಿ. ಮದುವೆಯಾಗಿ ಒಂಬತ್ತು ವರ್ಷ! ಮೈಮೇಲೆ ಬಾಸುಂಡೆ ಇಟ್ಟುಕೊಂಡು ಹೋದವಳಿಗೆ ಒಂದು ಠಾಣೆಯಲ್ಲಿ ಕೇಳಿಸಿದ್ದು, 'ನಿಮ್ಮ ಊರಲ್ಲಿ ಹೋಗಿ ದೂರು ಕೊಡಮ್ಮ.' ಇದು ಸುಳ್ಳು ಸಲಹೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಕಲಂ ಓದಿ ನೋಡಿ. ಹೆಂಗಸು ತಾತ್ಕಾಲಿಕವಾಗಿ ಇರುವ ಅಥವಾ ದುಡಿಯುವ ಊರಿನ ಮ್ಯಾಜಿಸ್ಟ್ರೇಟರೂ ಅವಳ ಅರ್ಜಿ ಕೇಳಬಹುದು. ಅವಳ ದುಡಿಮೆಯ ಹಣ ಕಸಿಯುವುದೂ ಆ ಕಾಯ್ದೆಯಲ್ಲಿ ಹಿಂಸೆಯೇ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಇನ್ನು ತೌರಿನಿಂದ ಹಣ ತಾ ಎಂದು ಹೊಡೆದರೆ, ಹಿಂದಿನ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಂಗಳಾಗಿದೆ; 2024ರ ಜುಲೈ 1ರಿಂದ ಜಾರಿಯಲ್ಲಿದೆ.

'ಪಾಪ, ಕುಡಿದಾಗ ಅವನಿಗೆ ಬುದ್ಧಿ ಇರೋಲ್ಲ' ಎನ್ನುತ್ತಾರೆ. ಎಷ್ಟು ಕುಡಿದರೂ ಅವನು ಮೇಸ್ತ್ರಿಯ ಮೇಲೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಯಾರನ್ನು ಹೊಡೆಯಬಹುದು ಎಂಬ ಬುದ್ಧಿ ಚೆನ್ನಾಗಿಯೇ ಇರುತ್ತದೆ.

ಚಟ ಕಾಯಿಲೆ ಎಂಬುದನ್ನು ನಾನು ಒಪ್ಪುತ್ತೇನೆ. ಕಾಯಿಲೆಯಾದರೆ ವೈದ್ಯರಿಗೆ ತೋರಿಸಿ. ವರ್ಷಗಟ್ಟಲೆ ಕುಡಿದವನನ್ನು ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬಂದು, ಸನ್ನಿ ಹಿಡಿದು ಪ್ರಾಣವೇ ಹೋಗಬಹುದು. ಕೋಲಾರದ ಜಿಲ್ಲಾಸ್ಪತ್ರೆಯಿದೆ, ಮಾಲೂರಿನಿಂದ ರೈಲು ಹತ್ತಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಫೋನಿನಲ್ಲಿ ಕೇಳಲು 14416 ಇದೆ. ಆದರೆ ಗೋಡೆಗಳ ಮೇಲೆ ಬರೆದಿರುತ್ತದಲ್ಲ, 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ' ಎಂದು, ಅದನ್ನು ಯಾವ ಹೆಂಗಸೂ ನಂಬಬಾರದು. ಡೈಸಲ್ಫಿರಾಂನಂಥ ಮಾತ್ರೆ ತಿಂದದ್ದು ತಿಳಿಯದೆ ಅವನು ಕುಡಿದರೆ ರಕ್ತದೊತ್ತಡ ಕುಸಿದು, ಎದೆ ಹಿಡಿದು ಸಾಯಬಹುದು. ಆಗ ಅನ್ನಕ್ಕೆ ಔಷಧಿ ಹಾಕಿದವಳು ಕೊಲೆಗಾರ್ತಿ! ಅವನನ್ನು ತಿದ್ದುವ ಹೊಣೆಯೂ ಇವಳದು, ಸತ್ತರೆ ಅಪರಾಧವೂ ಇವಳದು.

ಅಂಗಡಿ ಮುಚ್ಚಿಸಿದರೆ ಸಾಕಲ್ಲವೇ ಎಂದು ಕೇಳುವ ಗೆಳತಿಯರಿದ್ದಾರೆ. ಮುಳಬಾಗಿಲು, ಶ್ರೀನಿವಾಸಪುರದ ಗಡಿಯಾಚೆಗಿನ ಆಂಧ್ರದಲ್ಲಿ, ನೆಲ್ಲೂರಿನ ದೂಬಗುಂಟದ ಹೆಂಗಸರು 1992ರಲ್ಲಿ ಎದ್ದು ನಿಂತದ್ದರಿಂದಲೇ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಪ್ಲಾಸ್ಟಿಕ್ ಪ್ಯಾಕೆಟ್ಟು ಹೋಗಿ ರಟ್ಟಿನ ಪೊಟ್ಟಣ ಬಂತು, ಅಷ್ಟೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಹೆಂಗಸರ ಪಾದದ ಬೊಬ್ಬೆ ಸರ್ಕಾರದ ಖಜಾನೆಗೆ ನೋಯಲಿಲ್ಲ. ಆ ಹೋರಾಟ ನಡೆಯಲೇಬೇಕು. ಆದರೆ ಅಂಗಡಿ ಮುಚ್ಚಿದ ಮಾರನೆ ದಿನವೂ ಮುಂಗಡ ಅವನ ಹೆಸರಿನಲ್ಲೇ ಇರುತ್ತದಲ್ಲ?

ಸರ್ಕಾರದ ಕಣ್ಣಿಗೂ ಇವಳು ಕಾಣುವುದಿಲ್ಲ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿಗೆ, ಶಕ್ತಿಯ ಉಚಿತ ಬಸ್ಸಿಗೆ ಕರ್ನಾಟಕದವಳು ಎಂಬ ದಾಖಲೆ ಬೇಕು. ಮದ್ಯದಂಗಡಿಯವನು ಮಾತ್ರ ಯಾವ ರಾಜ್ಯದ ಕಾರ್ಡು ಎಂದು ಕೇಳುವುದಿಲ್ಲ. ರೇಷನ್ ಅಕ್ಕಿಗಾದರೂ ದಾರಿಯಿದೆ. 'ಒಂದು ದೇಶ ಒಂದು ಪಡಿತರ ಚೀಟಿ'ಯಡಿ ಒಡಿಶಾದ ಚೀಟಿಗೆ ಇಲ್ಲಿಯೂ ಕೇಂದ್ರದ ಅಕ್ಕಿ ಸಿಗಬೇಕು. ನ್ಯಾಯಬೆಲೆ ಅಂಗಡಿಗೆ ಅವಳ ಜೊತೆ ಒಬ್ಬರು ಹೋಗಿ ನಿಲ್ಲಿ, ಸಾಕು.

ಮುಂಗಡ ತೀರುವವರೆಗೆ ಬಿಟ್ಟು ಹೋಗಕೂಡದೆಂದು ಹಿಡಿದಿಟ್ಟರೆ ಅದಕ್ಕೆ ಜೀತ ಎಂದು ಹೆಸರು. 1976ರ ಕಾಯ್ದೆಯಂತೆ ಆ ಸಾಲವೇ ರದ್ದು. 2016ರ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷ ರೂಪಾಯಿ ಪುನರ್ವಸತಿ ಇಟ್ಟಿದ್ದಾರೆ. ಪುಸ್ತಕದಲ್ಲಿ ಹೆಸರೇ ಇಲ್ಲದವಳು ತಾನೂ ಜೀತದಾಳಾಗಿದ್ದೆ ಎಂದು ಹೇಗೆ ತೋರಿಸಿಯಾಳು? ಅದಕ್ಕೇ ಹೇಳುವುದು, ಸಹಾಯ ಮಾಡುವವರು ಮೊದಲು ಆ ಪುಸ್ತಕ ಕೇಳಿ. ಅವಳ ಹೆಸರು ಬೇರೆ, ಅವಳ ಕೂಲಿ ಬೇರೆ, ಅವಳ ಬ್ಯಾಂಕ್ ಖಾತೆ ಬೇರೆ. ಅವನ ಚಿಕಿತ್ಸೆ ಅದರ ಜೊತೆಗೆ ನಡೆಯಲಿ, ಅದಕ್ಕೆ ಬದಲಾಗಿ ಅಲ್ಲ.

ಮಳೆಗೆ ಮೊದಲು ಗೂಡುಗಳ ಲೆಕ್ಕ ಚುಕ್ತಾ ಆಗುತ್ತದೆ. ಆ ದಿನ ನಾವು ನಾಲ್ಕೈದು ಮಂದಿ ಅವಳ ಪಕ್ಕದಲ್ಲಿ ಕೂರಲಿದ್ದೇವೆ. ಒಡಿಯಾ ಮಾತು ಬಲ್ಲವರು ನಮ್ಮಲ್ಲಿಲ್ಲ. ಓದುಗರಲ್ಲಿ ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ.