‘ನೆಗೆಟಿವ್’ ಬಂದ ಮಾತ್ರಕ್ಕೆ ನಿಶ್ಚಿಂತೆ ಬೇಡ

ಮನೆಯಲ್ಲಿ ಒಬ್ಬರಿಗೆ ಜ್ವರ, ಗಂಟಲು ನೋವು, ಕೆಮ್ಮು. ಔಷಧಿ ಅಂಗಡಿಯಿಂದ ಕಿಟ್ ತಂದು ಪರೀಕ್ಷಿಸಿದಿರಿ. ಒಂದೇ ಗೆರೆ ಮೂಡಿತು. ‘ಸದ್ಯ, ಕೊರೊನಾ ಇಲ್ಲ’ ಎಂದು ಅವರು ಅಜ್ಜಿಯ ಪಕ್ಕದಲ್ಲೇ ಊಟಕ್ಕೆ ಕೂರಬಹುದೇ? ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಿಟ್ ಹುಡುಕುವುದು ವೈರಸ್ಸಿನ ಪ್ರೋಟೀನನ್ನು. ಸೋಂಕಿನ ಮೊದಲ ದಿನಗಳಲ್ಲಿ ಅದರ ಪ್ರಮಾಣ ಕಡಿಮೆಯಿದ್ದರೆ ಎರಡನೆಯ ಗೆರೆ ಮೂಡದು. ಆದ್ದರಿಂದ ಎರಡು ಗೆರೆ ಬಂದರೆ ನಂಬಿ. ಒಂದೇ ಬಂದರೆ ಪೂರ್ತಿ ನಂಬಬೇಡಿ. ಎರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಿ, ಇಲ್ಲವೇ ಆರ್‌ಟಿ-ಪಿಸಿಆರ್ ಮಾಡಿಸಿ. ಲಕ್ಷಣಗಳಿದ್ದೂ ಕಿಟ್‌ನಲ್ಲಿ ನೆಗೆಟಿವ್ ಬಂದವರಿಗೆ ಪಿಸಿಆರ್ ಅಗತ್ಯವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ಹೇಳಿತ್ತು. ಪಿಸಿಆರ್‌ಗೂ ಒಂದು ಮಿತಿಯಿದೆ. ಗುಣವಾದ ಮೇಲೂ ಕೆಲವು ವಾರ ಅದು ಪಾಸಿಟಿವ್ ತೋರಿಸಬಹುದು. ಗುಣವಾದವರು ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ. ರಕ್ತದ ಪ್ರತಿಕಾಯ ಪರೀಕ್ಷೆಯಂತೂ ಈಗಿನ ಸೋಂಕನ್ನು ಪತ್ತೆ ಮಾಡಲು ಇರುವುದೇ ಅಲ್ಲ.

ಲಕ್ಷಣ ನೋಡಿಯೇ ಹೇಳಬಹುದಲ್ಲವೇ ಎಂದು ನೀವು ಕೇಳಬಹುದು. 2020ರಲ್ಲಿ ವಾಸನೆ ತಿಳಿಯದಿರುವುದು ದೊಡ್ಡ ಸುಳಿವಾಗಿತ್ತು. 2021ರ ಕೊನೆಗೆ ಒಮೈಕ್ರಾನ್ ಬಂದ ಮೇಲೆ ಅದು ಕಡಿಮೆಯಾಯಿತು. ಈಗ ಫ್ಲೂ ಯಾವುದು, ಕೊರೊನಾ ಯಾವುದು ಎಂದು ಬರೀ ನೋಡಿ ವೈದ್ಯರೂ ಹೇಳಲಾರರು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಸುಸ್ತು, ಊಟ ಬೇಡವೆನ್ನುವುದು, ಮಾತಿನಲ್ಲಿ ಗೊಂದಲ ಇಷ್ಟೇ ಕಾಣಬಹುದು. ಇದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬೇಡಿ.

ಹಾಗಾದರೆ ಕೆಮ್ಮಿದವರೆಲ್ಲ ಪರೀಕ್ಷೆಗೆ ಓಡಬೇಕೇ? ಬೇಕಿಲ್ಲ. ಗಟ್ಟಿಮುಟ್ಟಾದ ತರುಣನಿಗೆ ಮನೆಯಲ್ಲಿ ವಿಶ್ರಾಂತಿ, ಮುಖಕ್ಕೆ ಮಾಸ್ಕ್, ಹಿರಿಯರಿಂದ ದೂರ ಇಷ್ಟು ಸಾಕು. ಆದರೆ 60 ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ತಡಮಾಡಬಾರದು. ವೈರಸ್ ವಿರುದ್ಧದ ಗುಳಿಗೆ ಬೇಕೆಂದು ವೈದ್ಯರಿಗೆ ಅನಿಸಿದರೆ, ಅದನ್ನು ಲಕ್ಷಣ ಕಂಡ 5 ದಿನಗಳೊಳಗೆ ಶುರು ಮಾಡಬೇಕು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಸೋಂಕು ಖಚಿತವಾದದ್ದು ಅವರು ತೀರಿಕೊಂಡ ಮೇಲೆ. ಅಂದು ಪರೀಕ್ಷಾ ಸೌಲಭ್ಯ ವಿರಳವಾಗಿತ್ತು. ಇಂದು ಆ ನೆಪವಿಲ್ಲ.

ಕೊನೆಯದಾಗಿ, ಫಲಿತಾಂಶ ಏನೇ ಇರಲಿ, ರೋಗಿಯನ್ನು ಗಮನಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ, ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ಇನ್ನೊಂದು ಕಿಟ್ ತರಲು ಹೋಗಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.